ಗಾಡಿ ಚಕ್ರದ ಗುಂಬಕ್ಕೆ ಸಿದ್ಧ ಕಬ್ಬಿಣದ ಬಳೆಗಳು: 6 ವರ್ಷಗಳ ಬಳಕೆಯ ನಂತರ

ನಾಲ್ಕು ಚಕ್ರದ ನನ್ನ ಮರದ ಗಾಡಿಗೆ ಸಿದ್ಧರೂಪದಲ್ಲಿ ಸಿಗುವ ಕಬ್ಬಿಣದ ಬಳೆಗಳ ಸೆಟ್ಟೊಂದನ್ನು ಕೊಂಡು ತೊಡಿಸಿ ಈಗ 6 ವರ್ಷಗಳು ತುಂಬಿವೆ. ಬಳೆ ಎಂದು ನಾನು ಇಲ್ಲಿ ಹೇಳುತ್ತಿರುವುದು ಚಕ್ರದ ಹೊರಸುತ್ತಿಗೆ ಹಾಕುವ ದೊಡ್ಡ ಪಟ್ಟಿಯನ್ನಲ್ಲ. ಅಚ್ಚು ತೂರುವ ನಡುವಿನ ಗುಂಬವನ್ನು, ಅಂದರೆ ಚಕ್ರದ ನಾಭಿಯನ್ನು, ಬಿಗಿದು ಹಿಡಿಯುವ ಉಂಗುರಗಳನ್ನು. ಒಂದು ಗುಂಬಕ್ಕೆ ನಾಲ್ಕರಂತೆ ಸೆಟ್ಟಿನಲ್ಲಿ 16 ಬಳೆಗಳಿದ್ದವು. ಗುಂಬದ ಎರಡು ತುದಿಗಳಿಗೆ 180 ಮಿ.ಮೀ. ಒಳವ್ಯಾಸದ ಎರಡು ತುದಿಬಳೆಗಳು, ಅರೆಕಾಲುಗಳ (ಗುಂಬದಿಂದ ಚಕ್ರದ ಹೊರಸುತ್ತಿಗೆ ಚಾಚುವ ಮರದ ಕಡ್ಡಿಗಳ) ಸಾಲಿನ ಇಕ್ಕೆಲಕ್ಕೆ 220 ಮಿ.ಮೀ. ಒಳವ್ಯಾಸದ ಎರಡು ಒಳಬಳೆಗಳು. ಎಲ್ಲವೂ 30 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಮೆದು ಉಕ್ಕಿನ ಪಟ್ಟಿಯನ್ನು ಬಾಗಿಸಿ ಬೆಸೆದವು. ಪ್ರತಿ ಬಳೆಯಲ್ಲಿ ಸಮ ಅಂತರದ ಮೂರು ತೂತುಗಳು, ಅವುಗಳಿಗೆ ಹೊಂದುವ ಮೊಳೆಗಳು, ಜೊತೆಗೆ ಒಂದು ಹಾಳೆಯ ಸೂಚನೆ. ತಯಾರಕರ ಹೆಸರು ಇಲ್ಲಿ ಬೇಡ. ಮುಂದೆ ಬರುವ ದೂರುಗಳು ಇಂಥ ಹೆಚ್ಚಿನ ಸೆಟ್ಟುಗಳಿಗೂ ಅನ್ವಯವಾದಾವು ಎಂಬುದು ನನ್ನ ಅಂದಾಜು.

ಮುಂದಿನ ಎರಡು ಚಕ್ರಗಳ ಗುಂಬಗಳು ಹಳೆಯವು, ಹಲವು ದಶಕ ಒಣಗಿದವು. ಒಂದೊಂದಕ್ಕೂ 12 ಅರೆಕಾಲುಗಳು. ಹಿಂದಿನ ಎರಡು ಚಕ್ರಗಳನ್ನು ಹೊಸದಾಗಿ ಮಾಡಿಸಿದೆ. ಅವುಗಳಿಗೆ 14 ಅರೆಕಾಲುಗಳು. ಒಂದೇ ಸೆಟ್ಟು, ಒಂದೇ ಗಾಡಿ, ಒಂದೇ ಹೊರೆ, ಆದರೆ ಎರಡು ಬಗೆಯ ಮರ. ಹೋಲಿಸುವ ಉದ್ದೇಶ ಆಗ ಇರಲಿಲ್ಲವಾದರೂ ಹೋಲಿಕೆ ತಾನಾಗಿಯೇ ಒದಗಿತು.

ಈ ಬಳೆಗಳ ಕೆಲಸ ಎಷ್ಟು ದೊಡ್ಡದು ಎಂಬುದು ಗುಂಬವನ್ನು ಬರಿದಾಗಿ ನೋಡಿದವರಿಗಷ್ಟೇ ಅರ್ಥವಾಗುತ್ತದೆ. 220 ಮಿ.ಮೀ. ವ್ಯಾಸದ ಒಂದು ದಿಮ್ಮಿಯ ನಡುವಿಗೆ ಅಚ್ಚಿನ ಬುಷ್ಶಿಗಾಗಿ, ಅಂದರೆ ಅಚ್ಚು ಕೂರುವ ಲೋಹದ ಕೊಳವೆಗಾಗಿ, ದೊಡ್ಡ ತೂತು ಕೊರೆಯುತ್ತೇವೆ. ಸುತ್ತಲೂ ಅರೆಕಾಲುಗಳ ಬುಡ ಕೂರುವ 14 ಕಂಡಿಗಳನ್ನು ತೋಡುತ್ತೇವೆ. ಉಳಿಯುವುದು ಕಂಡಿ ಕಂಡಿಯ ನಡುವಿನ ತೆಳು ಗೋಡೆಗಳು ಮಾತ್ರ. ಅದರೊಳಕ್ಕೆ ಅರೆಕಾಲುಗಳನ್ನು ಭಾರಿ ಸುತ್ತಿಗೆಯಿಂದ ಬಡಿದು ಇಳಿಸಿದಾಗ ಪ್ರತಿಯೊಂದು ಬುಡವೂ ಬೆಣೆಯಂತೆ ಮರವನ್ನು ಹಿಗ್ಗಿಸುತ್ತದೆ. ಬುಷ್ಶನ್ನು ನಡುವಿಗೆ ತರಲು ಅದರ ಸುತ್ತ ಹೊಡೆಯುವ ಸಣ್ಣ ಬೆಣೆಗಳು ತುದಿಯನ್ನು ಇನ್ನೊಂದಿಷ್ಟು ಅರಳಿಸುತ್ತವೆ. ಗುಂಬಕ್ಕೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಮರವನ್ನೇ ಆರಿಸುವುದು, ಇಂಗ್ಲೆಂಡಿನ ಚಕ್ರದ ಬಡಗಿಗಳು ಅರೆಕಾಲಿಗೆ ಓಕ್ ಬಳಸಿದರೂ ಗುಂಬಕ್ಕೆ ಎಲ್ಮ್ ಮರವನ್ನೇ ಹುಡುಕುತ್ತಿದ್ದುದು, ಸುಲಭವಾಗಿ ಸೀಳದಿರಲಿ ಎಂದೇ. ಆದರೂ ಮರದ ಮೇಲೆ ಮಾತ್ರ ಭಾರ ಹಾಕಿ ಕೂರುವಂತಿಲ್ಲ. ಆದ್ದರಿಂದ ಹೊಸ ಗುಂಬಗಳಿಗೆ ಒಳಬಳೆಗಳನ್ನು ಅರೆಕಾಲು ಬಡಿಯುವ ಮೊದಲೇ ತೊಡಿಸಿದೆ. ಸೂಚನೆಯ ಹಾಳೆಯೂ ಹೀಗೆಯೇ ಹೇಳುತ್ತದೆ, ಮತ್ತು ಅದು ಸರಿಯಾಗಿ ಹೇಳಿದ ಕೆಲವೇ ಮಾತುಗಳಲ್ಲಿ ಇದೂ ಒಂದು.

ಮೊದಲಿಗೆ ಅಳತೆ. 16 ಬಳೆಗಳಲ್ಲಿ 13 ಹೇಳಿದ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಇದ್ದವು. ಎರಡು ತುಸು ಅಂಡಾಕಾರವಾಗಿದ್ದವು. ಅವನ್ನು ಕಮ್ಮಾರರ ಅಡಿಗಲ್ಲಿನ ಕೊಂಬಿನ ಮೇಲೆ ತಟ್ಟಿ ದುಂಡಗೆ ಮಾಡಿಕೊಂಡೆ. ಒಂದು ಮಾತ್ರ 180ರ ಬದಲು 181 ಮಿ.ಮೀ.ಗೂ ಹೆಚ್ಚಿತ್ತು. ಹೊರಸುತ್ತಿನ ಪಟ್ಟಿಯಾದರೆ ಈ ಒಂದು ಮಿ.ಮೀ.ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗುಂಬದ ಬಳೆಯಲ್ಲಿ ಅದು ದೊಡ್ಡ ಮಾತು. ಮೆದು ಉಕ್ಕು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಾಗ ತನ್ನ ಅಳತೆಯ ಸಾವಿರಕ್ಕೆ ಮೂರೂವರೆ ಪಾಲಿನಷ್ಟು ಹಿಗ್ಗುತ್ತದೆ. 1200 ಮಿ.ಮೀ. ವ್ಯಾಸದ ಹೊರಪಟ್ಟಿಯಲ್ಲಿ ಅದು ವ್ಯಾಸಕ್ಕೆ 4 ಮಿ.ಮೀ.ಗೂ ಹೆಚ್ಚು, 180 ಮಿ.ಮೀ. ಬಳೆಯಲ್ಲಿ ಅದು 0.6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಬಿಗಿತವೂ, ಜಾರಿಸಿ ಕೂರಿಸುವ ಸಡಿಲವೂ ಇಷ್ಟರೊಳಗೇ ಸಿಗಬೇಕು. ತಪ್ಪಿದ ಬಳೆಯ ಬದಲಿಗೆ ಇನ್ನೊಂದನ್ನು ಕಳಿಸುವಂತೆ ಎರಡು ಸಲ ಬರೆದ ಮೇಲೆ ತಯಾರಕರು ಕಳಿಸಿಕೊಟ್ಟರು. ತಪ್ಪಾದುದಕ್ಕೆ ಒಂದು ಸಾಲಿನ ವಿವರಣೆಯೂ ಬರಲಿಲ್ಲ.

ಕಾಯಿಸುವ ವಿಷಯದಲ್ಲಿ ಸೂಚನೆಯ ಹಾಳೆ ನನ್ನನ್ನು ದಾರಿ ತಪ್ಪಿಸಿತು. ಬಳೆ ಕೆಂಪಗಾಗುವವರೆಗೆ ಕಾಯಿಸಿ ತೊಡಿಸಿ ಎಂದು ಅದರಲ್ಲಿ ಅಚ್ಚಾಗಿದೆ. ಮುಂದಿನ ಬಲಚಕ್ರದ ತುದಿಬಳೆಯನ್ನು ಹಾಗೆಯೇ ಮಾಡಿದೆ. ಕೆಂಪಗೆ ಕಾದ ಬಳೆ ಹೆಚ್ಚು ಹಿಗ್ಗುವುದರಿಂದ ಕೈಗೆ ಆಯಾಸವಿಲ್ಲದೆ ಜಾರಿ ಕೂತಿತು. ದಟ್ಟ ಹೊಗೆ ಎದ್ದಿತು. ನೀರು ಸುರಿದಾಗ ಬಿಗಿಯಾಗಿಯೇ ಕಂಡಿತು. ಮೂರು ವಾರಗಳಲ್ಲಿ ಅದು ಬೆರಳಿನಿಂದ ತಿರುಗಿಸಿದರೆ ತಿರುಗುವಂತಾಯಿತು. ಬಿಚ್ಚಿ ನೋಡಿದರೆ ಬಳೆಯ ಕೆಳಗೆ ಸುಮಾರು 2 ಮಿ.ಮೀ. ಇದ್ದಿಲು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಕಬ್ಬಿಣ ಹಿಡಿದಿದ್ದುದು ಮರವನ್ನಲ್ಲ, ಮಸಿಯನ್ನು.

ಅನಂತರ ಎಲ್ಲ ಬಳೆಗಳಿಗೂ ಅನುಸರಿಸಿದ ಕ್ರಮ ಬೇರೆ. ಗುಂಬವನ್ನು ಬಳೆಯ ಒಳವ್ಯಾಸಕ್ಕಿಂತ ಸುಮಾರು ಅರ್ಧ ಮಿ.ಮೀ. ದೊಡ್ಡದಾಗಿರುವಂತೆ ಕಡೆದು, ಬಳೆಯ ಹೊರಮೈಯಲ್ಲಿ ಒಂದು ಬೆರಳಗಲ ಜಾಗವನ್ನು ಅರದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಇದ್ದಿಲ ಬೆಂಕಿಯ ಮೇಲೆ ಇಕ್ಕಳದಿಂದ ತಿರುಗಿಸುತ್ತ ನಿಧಾನವಾಗಿ ಕಾಯಿಸಿದೆ. ಹೊಳೆಯುವ ಜಾಗ ಮೊದಲು ಹುಲ್ಲಿನ ಹಳದಿಗೆ, ಆಮೇಲೆ ಕಂದಿಗೆ, ನೇರಳೆಗೆ, ಕೊನೆಗೆ ನೀಲಿಗೆ ತಿರುಗುತ್ತದೆ. ನೀಲಿ ಬಂದರೆ ಸುಮಾರು 300 ಡಿಗ್ರಿ, ಅಲ್ಲಿಗೆ ಸಾಕು. ಆ ಕ್ಷಣದಲ್ಲಿ ಬಳೆಯನ್ನು ಗುಂಬದ ಬಾಯಿಗಿಟ್ಟು ಕೊಡತಿಯಿಂದ ಎದುರು ಬದುರಾಗಿ ತಟ್ಟುತ್ತ ಹೋಗಬೇಕು. ಒಂದೇ ಬದಿಗೆ ಎರಡು ಏಟು ಹೆಚ್ಚು ಬಿದ್ದರೂ ಬಳೆ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಮತ್ತು ಬಿಡಿಸುವಷ್ಟರಲ್ಲಿ ಅದು ತಣಿದಿರುತ್ತದೆ. ತಟ್ಟುವಾಗ ಬರುವ ಸದ್ದನ್ನು ಕೇಳುತ್ತಿರಬೇಕು: ಜಾರುತ್ತಿರುವವರೆಗೆ ಮಂದವಾಗಿದ್ದದ್ದು, ಕೂತ ಮೇಲೆ ಗಟ್ಟಿಯಾಗಿ ಮೊಳಗುತ್ತದೆ. ಕೂಡಲೇ ನೀರು. ಹೀಗೆ ತೊಡಿಸಿದ ಬಳೆಯನ್ನು ಮುಂದೆ ಬಿಚ್ಚಿದಾಗ ಮರದ ಮೇಲೆ ಕಂದು ಗೆರೆಯಷ್ಟೇ ಇತ್ತು, ಇದ್ದಿಲು ಇರಲಿಲ್ಲ.

ಬಳೆಗಳ ಒಳಅಂಚು ಕತ್ತರಿಸಿದಂತೆ ಚೂಪಾಗಿದೆ ಎಂಬುದನ್ನೂ ಹೇಳಬೇಕು. ಅದನ್ನು ಅರದಿಂದ ಸ್ವಲ್ಪ ಮುರಿಯದಿದ್ದರೆ ಬಳೆ ಕೂರುತ್ತಲೇ ಮುಂದಿನ ಮರವನ್ನು ಕೀಸುಳಿಯಂತೆ ಹೆರೆದುಬಿಡುತ್ತದೆ, ಹೆರೆದಷ್ಟೂ ಬಿಗಿತ ಹೋಗುತ್ತದೆ. 16 ಅಂಚುಗಳನ್ನು ಉಜ್ಜಲು ಒಂದು ಮಧ್ಯಾಹ್ನ ಹಿಡಿಯಿತು. ಈ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಬಹುದಿತ್ತು.

ಮೊಳೆಯ ತೂತುಗಳ ಲೆಕ್ಕವನ್ನು ಯಾರೂ ಯೋಚಿಸಿ ಮಾಡಿದಂತಿಲ್ಲ. ಮೂರು ತೂತುಗಳೂ 120 ಡಿಗ್ರಿ ಅಂತರದಲ್ಲಿವೆ. 12 ಅರೆಕಾಲಿನ ಗುಂಬಕ್ಕೆ ಇದು ಚೆನ್ನಾಗಿ ಹೊಂದುತ್ತದೆ: ಒಂದು ತೂತನ್ನು ಎರಡು ಕಂಡಿಗಳ ನಡುವಿನ ಗಟ್ಟಿ ಮರದ ನೇರಕ್ಕೆ ತಿರುಗಿಸಿದರೆ ಉಳಿದ ಎರಡೂ ತಾವಾಗಿಯೇ ಹಾಗೆ ಬರುತ್ತವೆ. 14 ಅರೆಕಾಲಿನ ಗುಂಬಕ್ಕೆ ಹೇಗೆ ತಿರುಗಿಸಿದರೂ ಎಲ್ಲವೂ ಹೊಂದುವುದಿಲ್ಲ; ಕನಿಷ್ಠ ಒಂದು ಮೊಳೆಯಾದರೂ ಕಂಡಿಯ ನೇರಕ್ಕೆ ಬೀಳುತ್ತದೆ. ಕಂಡಿಯ ನೇರಕ್ಕೆ ಹೊಡೆದ ಮೊಳೆ ಮರದ ಎಳೆಯ ಗುಂಟ ಬಿರುಕು ತೆಗೆದು ನೆಟ್ಟಗೆ ಕಂಡಿಗೆ ಸೇರಿಸುತ್ತದೆ. ಒಂದು ಕಡೆ ಹಾಗಾಗುವುದನ್ನು ಕಣ್ಣಾರೆ ಕಂಡ ಮೇಲೆ ಹಿಂದಿನ ಚಕ್ರಗಳ ಒಳಬಳೆಗಳಿಗೆ ಬೇರೆ ತೂತು ಕೊರೆಸಿದೆ, ಮತ್ತು ಮೊಳೆಗೂ ಮೊದಲು ಮರದಲ್ಲಿ ತೆಳು ಬೈರಿಗೆಯಿಂದ ದಾರಿ ಮಾಡಿಕೊಂಡೆ. ಹಾಗೆ ನೋಡಿದರೆ ಮೊಳೆ ಬಿಗಿತವನ್ನು ಕೊಡುವುದೇ ಇಲ್ಲ. ಸಡಿಲಾದ ಬಳೆ ಕಳಚಿ ಬೀಳದಂತೆ ತಡೆಯುತ್ತದೆ, ಅಷ್ಟೇ. ಬಳೆ ಸಡಿಲಾಗಿದೆ ಎಂಬ ಸಂಗತಿಯನ್ನು ಮರೆಮಾಡುವುದೂ ಅದೇ.

ಸಡಿಲಾಗುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ 6 ವರ್ಷಗಳಲ್ಲಿ ನನ್ನ ಹೆಚ್ಚಿನ ಶ್ರಮ ಹೋದದ್ದು ಅಲ್ಲಿ. ಹಿಂದಿನ ಗುಂಬಗಳ ಮರ ಎರಡು ವರ್ಷ ಒಣಗಿದ್ದೆಂದು ಹೇಳಿ ಕೊಟ್ಟಿದ್ದರು. ಮೇಲ್ಮೈಗೆ ತೇವಮಾಪಕದ ಮುಳ್ಳು ಚುಚ್ಚಿದಾಗ 12 ಪ್ರತಿಶತ ತೋರಿಸಿತು, ತೃಪ್ತನಾದೆ. ಬುಷ್ಶಿನ ತೂತು ಕೊರೆದಾಗ ಬಂದ ಹೊಟ್ಟು ಕೈಗೆ ತಂಪಾಗಿತ್ತು. ಆಗಲೇ ಅನುಮಾನ ಬರಬೇಕಿತ್ತು. ಒಳಗೆ ಚುಚ್ಚಿ ನೋಡಿದರೆ 20 ಪ್ರತಿಶತ. ಆದರೂ ಕೆಲಸ ಮುಂದುವರಿಸಿದೆ. ಮರ ಸುಮಾರು 30 ಪ್ರತಿಶತ ತೇವಕ್ಕಿಂತ ಕೆಳಗಿಳಿದ ಮೇಲೆ ಕುಗ್ಗತೊಡಗುತ್ತದೆ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲ. ಅಡ್ಡದಲ್ಲಿ ಕುಗ್ಗುತ್ತದೆ, ಅದರಲ್ಲೂ ವಾರ್ಷಿಕ ಉಂಗುರಗಳ ಗುಂಟ ಆಗುವುದು ತಿರುಳಿನಿಂದ ತೊಗಟೆಯ ಕಡೆಗಿನದರ ಸುಮಾರು ಎರಡರಷ್ಟು. ಇಡೀ ಬಿಗಿತವೇ ಅರ್ಧ ಮಿ.ಮೀ. ಇರುವಾಗ, ಅಷ್ಟು ದಪ್ಪದ ಗುಂಬ ಕೆಲವೇ ಪ್ರತಿಶತ ತೇವ ಕಳೆದುಕೊಂಡರೂ ಒಂದೆರಡು ಮಿ.ಮೀ. ಚಿಕ್ಕದಾಗುತ್ತದೆ. ಕಬ್ಬಿಣ ಎಷ್ಟೇ ಚೆನ್ನಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಎಂಟನೆಯ ತಿಂಗಳಿಗೆ ಹಿಂದಿನ ಎರಡೂ ಗುಂಬಗಳ ಬಳೆಗಳು ಲೊಡಲೊಡ ಎನ್ನತೊಡಗಿದವು. ಆಗ ನಾನು ಮಾಡಿದ ಎರಡನೆಯ ತಪ್ಪು, ಬಹಳ ಜನ ಹೇಳುವ ಉಪಾಯವನ್ನು ನಂಬಿ ಚಕ್ರಗಳನ್ನು ರಾತ್ರಿಯಿಡೀ ನೀರಿನಲ್ಲಿಟ್ಟದ್ದು. ಬೆಳಿಗ್ಗೆ ಬಳೆಗಳು ಕಲ್ಲಿನಂತೆ ಬಿಗಿದಿದ್ದವು. ಆದರೆ ನೀರು ಕುಡಿದು ಉಬ್ಬುವ ಮರಕ್ಕೆ ಬಳೆ ಅಡ್ಡ ನಿಂತಾಗ ಅದರ ಕೋಶಗಳು ನಜ್ಜುಗುಜ್ಜಾಗುತ್ತವೆ. ಮತ್ತೆ ಒಣಗಿದಾಗ ಗುಂಬ ಮೊದಲಿಗಿಂತಲೂ ಚಿಕ್ಕದಾಗುತ್ತದೆ. ಒಂದೂವರೆ ತಿಂಗಳಿಗೆ ಹಾಗೆಯೇ ಆಯಿತು. ತುದಿಬಳೆಗಳನ್ನು ಗುಂಬದ ಇಳಿಜಾರಿನ ಮೇಲೆ ಇನ್ನಷ್ಟು ಒಳಕ್ಕೆ ಬಡಿದು ಬಿಗಿ ಮಾಡಬಹುದಿತ್ತು, ಮಾಡಿದೆ. ಒಳಬಳೆಗಳು ಮಾತ್ರ ಆಗಲೇ ಅರೆಕಾಲುಗಳ ಅಂಚಿಗೆ ಬಂದಿದ್ದವು, ಮುಂದೆ ಜಾಗವಿರಲಿಲ್ಲ. ಚಕ್ರಗಳನ್ನು ಮಳೆಬಿಸಿಲು ತಾಗದ ಕಡೆ ಐದು ತಿಂಗಳು ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಆ ನಾಲ್ಕು ಒಳಬಳೆಗಳನ್ನು ಬಿಚ್ಚಿ, ಸುತ್ತಳತೆಯಲ್ಲಿ 6 ಮಿ.ಮೀ. ಕತ್ತರಿಸಿ ಮತ್ತೆ ಬೆಸೆಸಿ, ಅಂದರೆ ವ್ಯಾಸಕ್ಕೆ ಸುಮಾರು 2 ಮಿ.ಮೀ. ಕಡಿಮೆ ಮಾಡಿಸಿ, ನೀಲಿ ಕಾವಿನಲ್ಲಿ ತೊಡಿಸಿದೆ. ಗುಂಬದ ಎರಡೂ ಕೊನೆಗಳಿಗೆ ಕುದಿಸಿದ ಅಗಸೆ ಎಣ್ಣೆಯನ್ನು ಕುಡಿಯುವಷ್ಟು ಸವರಿದೆ, ಏಕೆಂದರೆ ಮರ ತೇವವನ್ನು ಬೇಗ ಎಳೆದುಕೊಳ್ಳುವುದೂ ಬಿಡುವುದೂ ಅಡ್ಡ ಕೊಯ್ದ ಕೊನೆಗಳಿಂದ.

ಕತ್ತರಿಸಿದಾಗ ಮೂಲ ಬೆಸುಗೆಯ ಒಳಗನ್ನು ನೋಡುವ ಅವಕಾಶವೂ ಸಿಕ್ಕಿತು. ನಾಲ್ಕರಲ್ಲಿ ಮೂರು ಪೂರ್ತಿ ದಪ್ಪಕ್ಕೆ ಇಳಿದಿದ್ದವು. ಒಂದು ಮಾತ್ರ ಮೇಲಿನ ಅರ್ಧಕ್ಕೆ ಹಿಡಿದು, ಕೆಳಗೆ ಕೂದಲು ತೂರುವಷ್ಟು ಸಂದಿ ಉಳಿದಿತ್ತು. ಹೊರಗಿನಿಂದ ಉಜ್ಜಿ ನಯ ಮಾಡಿದ್ದರಿಂದ ಅದು ಕಾಣುವಂತಿರಲಿಲ್ಲ. ಇದು ಈ ಸೆಟ್ಟಿನ ಬಗ್ಗೆ ನನ್ನ ಅತಿ ಗಂಭೀರ ಆಕ್ಷೇಪ. ಕೊಳ್ಳುವವರು ಬಳೆಯನ್ನು ದಾರಕ್ಕೆ ತೂಗುಹಾಕಿ ತಟ್ಟಿ ನೋಡಲಿ. ಬಿರುಕಿದ್ದರೆ ನಾದ ಕುಂದಿರುತ್ತದೆ.

ತುಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಮೈಗೂ ಬಣ್ಣ ಬಳಿದು ಬಂದಿದ್ದವು, ಅದು ಮೊದಲ ಕಾವಿಗೇ ಸುಟ್ಟುಹೋಯಿತು. ಹೊರಗೆ ವರ್ಷಕ್ಕೊಮ್ಮೆ ಬಳಿದರೆ ಸಾಕಾಗಿದೆ.

ಪ್ರತಿ ಬಳೆಯ ಮೇಲಿಂದ ಮರದವರೆಗೆ ಉಳಿಯಿಂದ ಒಂದು ಗೀಟು ಎಳೆದಿಟ್ಟಿದ್ದೇನೆ. ಬಳೆ ತಿರುಗಿದರೆ ಗೀಟು ಮುರಿಯುತ್ತದೆ. ವರ್ಷಕ್ಕೆ ಎರಡು ಸಲ ನೋಡಲು ಐದು ನಿಮಿಷ ಸಾಕು. ಮುಂದಿನ ಹಳೆಯ ಗುಂಬಗಳಲ್ಲಿ, ಸುಟ್ಟ ಮರವನ್ನು ಕಡೆದು ಆ ಬಳೆಯನ್ನು ಮತ್ತೆ ಕೂರಿಸಿದ ನಂತರ, 6 ವರ್ಷಗಳಲ್ಲಿ ಒಂದು ಗೀಟೂ ಮುರಿದಿಲ್ಲ. ಹಿಂದಿನ ಚಕ್ರಗಳಲ್ಲಿ ಎಂಟು ಬಳೆಗಳ ಪೈಕಿ ಏಳು ನೆಟ್ಟಗಿವೆ. ಎಡಚಕ್ರದ ಒಳಬಳೆಯೊಂದರ ಗೀಟು ಕಳೆದ ಒಣ ತಿಂಗಳಲ್ಲಿ ಒಂದು ಮಿ.ಮೀ. ಸರಿದು ಅಲ್ಲೇ ನಿಂತಿದೆ, 0.1 ಮಿ.ಮೀ. ದಪ್ಪದ ತಗಡು ಅದರಡಿ ಇನ್ನೂ ತೂರುತ್ತಿಲ್ಲವಾದ್ದರಿಂದ ಬಿಚ್ಚಿಲ್ಲ. ಇನ್ನೊಂದು ಗಾಡಿಗೆ ಇದೇ ಸೆಟ್ಟನ್ನು ಈಗಾಗಲೇ ತರಿಸಿದ್ದೇನೆ, ಮೊಳೆಗಳಿಲ್ಲದೆ. ಅದರ ಗುಂಬದ ಮರ ಮಾತ್ರ, ನಡುವಿಗೆ ತೂತು ಕೊರೆಸಿಕೊಂಡು, ಇನ್ನೂ ಅಟ್ಟದ ಮೇಲೆ ಒಣಗುತ್ತಿದೆ.