ಕುಡಿತ ಬಿಡಲು ಎಎ ಮೀಟಿಂಗೋ, ನಿಮ್ಹಾನ್ಸೋ?

ಬೆಂಗಳೂರಿನಲ್ಲಿ ಕುಡಿತ ಬಿಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಎರಡು ಹೆಸರು ಕೇಳಿರುತ್ತಾರೆ. ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. ಇನ್ನೊಂದು ಹೊಸೂರು ರಸ್ತೆಯ ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್.

ಎಎ 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಮೀಟಿಂಗ್ ನಡೆಸುವುದು ಡಾಕ್ಟರಲ್ಲ. ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿರುವವರು ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಫೀಸ್ ಇಲ್ಲ. ಬಿಡುವ ಆಸೆಯಿದ್ದರೆ ಸಾಕು, ಸುಮ್ನೆ ಕೂತು ಕೇಳಿ ಬಂದರೂ ನಡೆಯುತ್ತದೆ. ಓಪನ್ ಮೀಟಿಂಗಿಗೆ ಯಾರು ಬೇಕಾದರೂ ಹೋಗಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಹೆಂಡತಿಯನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ಯುವುದಾದರೆ ಇದನ್ನು ಮೊದಲೇ ಕೇಳಿಕೊಳ್ಳಿ. ಯಾವ ಭಾಷೆಯಲ್ಲಿ ನಡೆಯುತ್ತದೆ ಅಂತಲೂ ಕೇಳಿ. ಹೊಟ್ಟೆಯೊಳಗಿನ ಸಂಕಟ ಇಂಗ್ಲಿಷಿನಲ್ಲಿ ಹೇಳುವುದು ಕಷ್ಟ, ಅಲ್ವಾ? ಆನ್‌ಲೈನ್ ಮೀಟಿಂಗೂ ಇವೆ. ಆದರೂ ನನ್ನ ಮತ ಮನೆ ಹತ್ತಿರದ ಗುಂಪಿಗೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ವಾರ ವಾರ ಹೋಗುವ ಉತ್ಸಾಹ ಬೇಗ ಇಳಿಯುತ್ತದೆ.

ಆದರೆ ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ಮೊದಲು ನಿಮ್ಹಾನ್ಸ್‌ಗೋ ಬೇರೆ ಆಸ್ಪತ್ರೆಗೋ ಹೋಗಲಿ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಅದಕ್ಕೆ ಔಷಧಿ ಬೇಕು, ಮಾತು ಸಾಲದು. ಚಿಕಿತ್ಸೆ ನಡೆಯುವಾಗಲೇ ಎಎಗೂ ಹೋಗಬಹುದು.

ಮನೆಯವರಿಗೆ ಬೇರೆಯದೇ ಗುಂಪಿದೆ: ಅಲ್-ಅನಾನ್. ಕುಡಿಯುವವರು ಬರಲು ಒಪ್ಪದಿದ್ದರೂ ನೀವು ಅಲ್ಲಿಗೆ ಹೋಗಬಹುದು.