ಹೊಸ ರ್ಯಾಮ್ ಹಾಕಿದ ಮೇಲೆ ಫೋಟೋ ಫೈಲುಗಳನ್ನು ಮುಟ್ಟುವ ಮುಂಚೆ ಇದನ್ನು ಓದಿ

ಹಳೇ ಕಂಪ್ಯೂಟರ್‌ಗೆ ನೀವೇ ರ್ಯಾಮ್ (ಕೆಲಸ ನಡೆಯುವಾಗ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ ಪಟ್ಟಿ) ಹಾಕುವ ಯೋಚನೆ ಇದ್ದರೆ ಒಂದು ಮಾತು. ಸ್ಕ್ರೀನ್ ಬಂತು, ವಿಂಡೋಸ್ ಓಪನ್ ಆಯ್ತು ಅಂತ ರ್ಯಾಮ್ ಸರಿಯಿದೆ ಎಂದುಕೊಳ್ಳಬೇಡಿ. ಹಾಗೆ ನಂಬಿ ನಾನು ನಮ್ಮಜ್ಜಿಯ ಫೋಟೋಗಳನ್ನು ಹಾಳು ಮಾಡಿಕೊಂಡೆ.

ತುಮಕೂರಿನ ಮನೆಯಲ್ಲಿ ಅಪ್ಪನ ಕಂಪ್ಯೂಟರ್ ಇದೆ, 2010ರಲ್ಲಿ ಕೊಂಡದ್ದು. ಇಂಟೆಲ್ ಜಿ41 ಚಿಪ್‌ಸೆಟ್‌ನ ಮದರ್‌ಬೋರ್ಡ್, 2 ಜಿಬಿ ಡಿಡಿಆರ್3 (ರ್ಯಾಮ್‌ನ ಒಂದು ತಲೆಮಾರು) ರ್ಯಾಮ್, 64 ಬಿಟ್ ವಿಂಡೋಸ್ 10. ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾ ಯೂಟ್ಯೂಬ್‌ನಲ್ಲಿ ಹರಿಕಥೆ ಹಾಕಿಕೊಂಡರೆ ಸಾಕು, ಮೌಸ್ ಅಲ್ಲಾಡುತ್ತಿರಲಿಲ್ಲ. ಒಂದು ಸ್ಲಾಟ್ ಖಾಲಿ ಇತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ 4 ಜಿಬಿ ರ್ಯಾಮ್ ತಂದೆ.

ಹಾಕಿ ಆನ್ ಮಾಡಿದರೆ ಸ್ಕ್ರೀನ್ ಕಪ್ಪು, ಒಂದೇ ಸಮ ಬೀಪ್ ಶಬ್ದ. ರ್ಯಾಮ್‌ನ ಚಿನ್ನದ ಬಣ್ಣದ ಪಿನ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದೆ. ಬೋರ್ಡ್‌ನ ಬಿಲ್ಲೆ ಬ್ಯಾಟರಿ ತೆಗೆದು ಹಾಕಿದೆ. ಸ್ಲಾಟ್ ಬದಲಾಯಿಸಿದೆ. ಸಂಜೆಯೆಲ್ಲ ಹೋಯಿತು, ಬೀಪ್ ನಿಲ್ಲಲಿಲ್ಲ.

ಕಾರಣ ಚಿಪ್ಪುಗಳ ಲೆಕ್ಕದಲ್ಲಿತ್ತು. ಜಿ41 ಬೋರ್ಡ್‌ಗೆ 2 ಗಿಗಾಬಿಟ್‌ವರೆಗಿನ ಮೆಮೊರಿ ಚಿಪ್ ಮಾತ್ರ ಆಗಿಬರುತ್ತದೆ. 8 ಗಿಗಾಬಿಟ್ ಸೇರಿದರೆ 1 ಜಿಬಿ. ಅಂಥ ಚಿಪ್ಪುಗಳಲ್ಲಿ 4 ಜಿಬಿ ಆಗಬೇಕಾದರೆ ಎರಡೂ ಬದಿಗೆ 8ರಂತೆ ಒಟ್ಟು 16 ಬೇಕು. ನಾನು ತಂದದ್ದರಲ್ಲಿ ಒಂದೇ ಬದಿಗೆ 8 ಚಿಪ್ಪುಗಳಿದ್ದವು, ಒಂದೊಂದೂ 4 ಗಿಗಾಬಿಟ್. ಹಿಂಬದಿ ಬೋಳು. 16 ಚಿಪ್ಪಿನದರ ಮೇಲೂ 8 ಚಿಪ್ಪಿನದರ ಮೇಲೂ 4 ಜಿಬಿ ಡಿಡಿಆರ್3 ಅಂತಲೇ ಬರೆದಿರುತ್ತದೆ, ಆದ್ದರಿಂದ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ತಿರುಗಿಸಿ, ಎಣಿಸಿ. ಡಿಡಿಆರ್2 ಇರುವ ಇನ್ನೂ ಹಳೇ ಇಂಟೆಲ್ ಬೋರ್ಡ್ ಆದರೆ ಬೇರೆ ತೊಂದರೆ. ಎಎಂಡಿ (ಇಂಟೆಲ್‌ನಂತೆ ಇನ್ನೊಂದು ಪ್ರೊಸೆಸರ್ ಕಂಪನಿ) ಬೋರ್ಡ್‌ಗೆ ಮಾತ್ರ ಅಂತ ಮಾಡಿದ 4 ಜಿಬಿ ರ್ಯಾಮ್‌ಗಳು ಅಗ್ಗಕ್ಕೆ ಸಿಗುತ್ತವೆ. ಇಂಟೆಲ್‌ನಲ್ಲಿ ಅವು ನಡೆಯೋದಿಲ್ಲ.

ಅಂಗಡಿಯವರು ಬದಲಾಯಿಸಿ ಕೊಟ್ಟರು. 16 ಚಿಪ್ಪಿನದು, ಯಾರೋ ಬಳಸಿ ಬಿಟ್ಟದ್ದು. ಬಿಲ್ ಇಲ್ಲ, ವಾರಂಟಿ ಇಲ್ಲ. ಹಾಕಿದೆ, ಎರಡೂ ಕಡೆ ಕ್ಲಿಪ್ ಟಕ್ ಅಂತ ಕೂತಿತು, 6 ಜಿಬಿ ಅಂತ ತೋರಿಸಿತು. ಅಪ್ಪನಿಗೆ ಎಷ್ಟು ಖುಷಿ ಆಯ್ತು ಅಂದ್ರೆ ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು.

ಮೂರನೇ ದಿನ ಬ್ರೌಸರ್ ತಾನಾಗಿಯೇ ಮುಚ್ಚಿಕೊಂಡಿತು. ಆಮೇಲೆ ಎರಡು ಸಲ ನೀಲಿ ಸ್ಕ್ರೀನ್. ವಿಂಡೋಸ್ ಕೆಟ್ಟಿದೆ ಅಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಟೆ. ಅದಕ್ಕೂ ಮುಂಚೆ ಸಿ ಡ್ರೈವ್‌ನಲ್ಲಿದ್ದ ಫೋಟೋಗಳನ್ನೆಲ್ಲ ಡಿ ಡ್ರೈವ್‌ಗೆ ಕಟ್ ಮಾಡಿ ಪೇಸ್ಟ್ ಮಾಡಿದೆ. ಕಾಪಿ ಅಲ್ಲ, ಕಟ್. ಆಮೇಲೆ ಸಿ ಡ್ರೈವ್ ಫಾರ್ಮ್ಯಾಟ್.

ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಹೋಗುವ ಫೈಲ್ ರ್ಯಾಮ್ ಮೂಲಕವೇ ಹಾದು ಹೋಗುತ್ತದೆ. ಅಲ್ಲಿ ಕೆಟ್ಟ ಜಾಗ ಇದ್ದರೆ ಫೈಲಿನ ಒಂದೆರಡು ಬಿಟ್ (0 ಅಥವಾ 1) ಬದಲಾಗಿ, ಹಾಗೇ ಡಿಸ್ಕ್‌ಗೆ ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಏನೂ ಹೇಳೋದಿಲ್ಲ. ಫೈಲಿನ ಹೆಸರು ಅದೇ, ಸೈಜೂ ಅದೇ.

ಅಜ್ಜಿ ನಮ್ಮನೆ ಜಗಲಿ ಮೇಲೆ ಕೂತು ಹೂ ಕಟ್ಟುತ್ತಿರುವ ಫೋಟೋ ಒಂದಿತ್ತು. ತೆರೆದರೆ ಹಣೆಯ ಕುಂಕುಮದವರೆಗೆ ಸರಿಯಾಗಿದೆ. ಕಣ್ಣಿನ ಹತ್ತಿರ ಒಂದು ಗೆರೆ, ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ. ಕೈಯೂ ಇಲ್ಲ, ಹೂವೂ ಇಲ್ಲ. ಇಂಥವು 38 ಸಿಕ್ಕವು. ಕೆಲವನ್ನು ಅಕ್ಕ ಹಿಂದೆ ವಾಟ್ಸಾಪ್‌ನಲ್ಲಿ ತರಿಸಿಕೊಂಡಿದ್ದಳು, ಅವು ಚಿಕ್ಕದಾಗಿ ಆದರೂ ಉಳಿದವು. ಜಗಲಿಯದು ಉಳಿಯಲಿಲ್ಲ.

ಆಮೇಲೆ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಓಡಿಸಿದೆ. ಹತ್ತೇ ನಿಮಿಷದಲ್ಲಿ ಸ್ಕ್ರೀನ್ ತುಂಬ ಕೆಂಪು ಸಾಲುಗಳು, ಅಂದರೆ ಎರರ್‌ಗಳು. ಆ ರ್ಯಾಮ್ ತೆಗೆದು ಹಳೇ 2 ಜಿಬಿ ಒಂದನ್ನೇ ಬಿಟ್ಟರೆ ರಾತ್ರಿಯಿಡೀ ಓಡಿಸಿದರೂ ಒಂದು ಎರರ್ ಇಲ್ಲ. ಇದು ಉಚಿತ ಪ್ರೋಗ್ರಾಂ. ಮೊದಲ ದಿನವೇ ಓಡಿಸಿದ್ದರೆ ಆ ಹತ್ತು ನಿಮಿಷದಲ್ಲೇ ಗೊತ್ತಾಗುತ್ತಿತ್ತು.

ದಯವಿಟ್ಟು ನೀವು ಹೀಗೆ ಮಾಡಿ. ಫೋಟೋಗಳನ್ನು ರ್ಯಾಮ್ ಹಾಕುವ ಮುಂಚೆಯೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ತೆರೆದು ನೋಡಿ. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹ ಮುಟ್ಟಿ, ರ್ಯಾಮ್ ಕೂರಿಸಿ. ಆಗಲೇ ಹಾರ್ಡ್‌ಡಿಸ್ಕ್‌ನ ಡೇಟಾ ಕೇಬಲ್ಲನ್ನೂ ಬಿಚ್ಚಿಡಿ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್ ಶುರು ಮಾಡಿ ಒಂದು ರಾತ್ರಿ ಬಿಡಿ. ಎರಡು ರ್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಆಮೇಲೆ ಎರಡನ್ನೂ ಸೇರಿಸಿ ನೋಡಿ. ಕೆಂಪು ಸಾಲು ಒಂದೇ ಒಂದು ಬಂದರೂ ಆ ರ್ಯಾಮ್ ಬೇಡ. ಬೆಳಗ್ಗೆ ಎದ್ದು ನೋಡಿದಾಗ ಒಂದೂ ಎರರ್ ಇಲ್ಲದಿದ್ದರೆ ಮಾತ್ರ ಡಿಸ್ಕ್‌ನ ಕೇಬಲ್ ಮತ್ತೆ ಚುಚ್ಚಿ.