ದಿ ಪೀರೇಜ್ ಡಾಟ್ ಕಾಮ್: ಹೆಸರು ಸಿಕ್ಕಿತೆಂದು ಹಿಗ್ಗುವ ಮೊದಲು ಪುಟದ ಬುಡ ನೋಡಿ

ಬ್ರಿಟನ್ನಿನ ಪೀರೇಜ್, ಅಂದರೆ ಡ್ಯೂಕ್, ಅರ್ಲ್, ಬ್ಯಾರನ್‌ನಂಥ ಬಿರುದುಳ್ಳ ಮನೆತನಗಳ ವಂಶಾವಳಿ ಹುಡುಕುವವರು ಸುತ್ತಿ ಬಳಸಿ ಕೊನೆಗೆ ಬಂದು ಸೇರುವುದು ಈ ಜಾಲತಾಣಕ್ಕೇ. ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ಡ್ಯಾರಿಲ್ ಲಂಡಿ ಕಟ್ಟಿದ ತಾಣ ಇದು. ಲಕ್ಷಗಟ್ಟಲೆ ಜನರ ಹುಟ್ಟು, ಮದುವೆ, ಸಾವು, ಮಕ್ಕಳು ಎಲ್ಲವೂ ಪುಕ್ಕಟೆ. ನೋಡಲು ಮಾತ್ರ ಇಪ್ಪತ್ತು ವರ್ಷ ಹಳೆಯದು. ಅದರಿಂದ ಕೆಲಸಕ್ಕೆ ತೊಂದರೆಯೇನಿಲ್ಲ.

ಒಂದೊಂದು ಪುಟದಲ್ಲಿ ಹತ್ತು ಜನ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಹತ್ತರಿಂದ ಭಾಗಿಸಿ ಮೇಲಿನ ಪೂರ್ಣಾಂಕ ಹಿಡಿದರೆ ಪುಟದ ಸಂಖ್ಯೆ ಬರುತ್ತದೆ. ಟಿಪ್ಪಣಿಯಲ್ಲಿ ಉದ್ದದ ಕೊಂಡಿಯ ಬದಲು ಈ ಸಂಖ್ಯೆ ಬರೆದಿಟ್ಟುಕೊಂಡರೆ ಸಾಕು. ಹುಡುಕಾಟ ನಡೆಯುವುದು ಮನೆತನದ ಹೆಸರಿನ ಸೂಚಿಯಲ್ಲಿ. ಹೊಸಬರು ಮೊದಲು ಎಡವುವುದು ಇಲ್ಲೇ: ಬಿರುದು ಬೇರೆ, ಮನೆತನದ ಹೆಸರು ಬೇರೆ. ಡೆವನ್‌ಶೈರ್ ಡ್ಯೂಕ್ ಬೇಕಿದ್ದರೆ ಕ್ಯಾವೆಂಡಿಶ್ ಎಂದು ಹುಡುಕಬೇಕು, ವೆಲಿಂಗ್ಟನ್ ಡ್ಯೂಕ್ ಬೇಕಿದ್ದರೆ ವೆಲ್ಲೆಸ್ಲಿ ಎಂದು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೇನೆಯ ದಂಡನಾಯಕ ಜಾರ್ಜ್ ಹ್ಯಾರಿಸ್‌ಗೆ 1815ರಲ್ಲಿ ಬ್ಯಾರನ್ ಪದವಿ ಬಂತು. ಅದರ ಬಾಲದಲ್ಲಿ ಸೆರಿಂಗಪಟಂ, ಮೈಸೂರು ಎರಡೂ ಇವೆ. ಆದರೆ ಅದು ಊರಿನ ಗುರುತಷ್ಟೆ, ಪದವಿ ಬರೀ 'ಬ್ಯಾರನ್ ಹ್ಯಾರಿಸ್'. ಸೆರಿಂಗಪಟಂ ಎಂದು ಹುಡುಕಿ ಕೈ ಸೋಲಬೇಡಿ.

ಹೆಂಗಸರನ್ನು ತವರಿನ ಹೆಸರಿನ ಕೆಳಗೇ ಇಟ್ಟಿದ್ದಾರೆ. ಇಂಥ ದಿನದಿಂದ ಮದುವೆಯಾದ ಮೇಲಿನ ಹೆಸರು ಇಂಥದ್ದು ಎಂದು ಒಂದು ಸಾಲು ಇರುತ್ತದೆ. ಈ ತಾಣದ ನಿಜವಾದ ಬೆಲೆ ಇರುವುದು ಇದರಲ್ಲಿ, ಏಕೆಂದರೆ ಹೆಣ್ಣುಮಕ್ಕಳ ಕಡೆಯ ಸಂತತಿ ಇಲ್ಲಿ ಕಡಿದುಹೋಗುವುದಿಲ್ಲ.

ಪರೀಕ್ಷೆಗೆ ವೆಲ್ಲೆಸ್ಲಿಗಳಷ್ಟು ಒಳ್ಳೆಯ ಮನೆತನ ಇನ್ನೊಂದಿಲ್ಲ. ಗವರ್ನರ್ ಜನರಲ್ ಆಗಿದ್ದ ಅಣ್ಣ ರಿಚರ್ಡ್, ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ತಮ್ಮ ಆರ್ಥರ್. ಗಂಡು ಸಂತತಿಯ ಲೆಕ್ಕದಲ್ಲಿ ಇವರು ವೆಲ್ಲೆಸ್ಲಿಗಳೇ ಅಲ್ಲ, ಕಾಲಿ ಎಂಬ ಮನೆತನದವರು. ಇವರ ಅಜ್ಜ ರಿಚರ್ಡ್ ಕಾಲಿ 1728ರಲ್ಲಿ ಐರ್ಲೆಂಡಿನ ಗ್ಯಾರೆಟ್ ವೆಸ್ಲಿಯ ಆಸ್ತಿಗೆ ವಾರಸುದಾರನಾದಾಗ ಹೆಸರನ್ನೂ ತೆಗೆದುಕೊಂಡ. ವೆಸ್ಲಿ ಎಂಬುದು ವೆಲ್ಲೆಸ್ಲಿ ಆದದ್ದು 1798ರಲ್ಲಿ. ಹೆಸರು ಹಿಡಿದು ಹಿಂದಕ್ಕೆ ಹೋದರೆ ಇವರ ಗಂಡು ಸಂತತಿಗೆ ಸೇರದ ಬೇರೆ ಮನೆ ಹೊಕ್ಕುತ್ತೀರಿ. ಆಸ್ತಿಯ ಜೊತೆ ಹೆಸರೂ ಬರುವುದು ಅಲ್ಲಿ ಮಾಮೂಲು. ಇದೇ ಕುಟುಂಬದ ನಾಲ್ಕನೆಯ ಮಾರ್ನಿಂಗ್ಟನ್ ಅರ್ಲ್‌ನ ಮನೆತನದ ಹೆಸರು ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ! ಒಂದು ತುಂಡಿನಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಅಣ್ಣ ರಿಚರ್ಡ್‌ಗೆ ಹಯಸಿಂತ್ ರೋಲಂಡ್‌ಳಲ್ಲಿ ಹುಟ್ಟಿದ ಐದು ಮಕ್ಕಳೂ 1794ರ ಮದುವೆಗೆ ಮೊದಲಿನವರು. ಇಂಗ್ಲೆಂಡಿನ ಕಾಯ್ದೆಯಲ್ಲಿ ತಂದೆತಾಯಿ ಆಮೇಲೆ ಮದುವೆಯಾದರೂ ಅಂಥ ಮಗನಿಗೆ ಬಿರುದು ಬರುವುದಿಲ್ಲ. ಹಾಗಾಗಿ 1842ರಲ್ಲಿ ರಿಚರ್ಡ್ ತೀರಿಕೊಂಡಾಗ ಮಾರ್ಕ್ವೆಸ್ ಪದವಿ ಅಲ್ಲಿಗೇ ಮುಗಿಯಿತು, ಮಾರ್ನಿಂಗ್ಟನ್ ಅರ್ಲ್ ಪದವಿ ತಮ್ಮ ವಿಲಿಯಂಗೆ ಹೋಯಿತು. ಬಿರುದು ಮಾತ್ರ ನೋಡುವ ಗ್ರಂಥಕ್ಕೆ ಆ ಮಕ್ಕಳ ಸುದ್ದಿ ಬೇಕಿಲ್ಲ. ಆದರೆ ಅವರಲ್ಲೊಬ್ಬಳಾದ ಆನ್‌ಳ ಮಗ ಚಾರ್ಲ್ಸ್, ಅವನ ಮಗಳು ಸಿಸೀಲಿಯಾ, ಅವಳ ಮಗಳು ಎಲಿಜಬೆತ್ ಬೋವ್ಸ್-ಲಯನ್, ಅಂದರೆ ಈಗಿನ ರಾಜ ಮೂರನೆಯ ಚಾರ್ಲ್ಸ್‌ನ ಅಜ್ಜಿ. ಇಂಥ ಎಳೆಯನ್ನು ಒಂದೊಂದೇ ಕೊಂಡಿ ಒತ್ತುತ್ತಾ ಹೋಗಿ ಹಿಡಿಯುವುದಕ್ಕೆ ಈ ತಾಣಕ್ಕೆ ಸಾಟಿಯಿಲ್ಲ.

ಇನ್ನು ನಂಬಿಕೆಯ ವಿಚಾರ. ಹೆಳವರು ಎತ್ತಿನ ಮೇಲೆ ಬಂದು ಏಳು ತಲೆ ಹೇಳಿದರೆ ದಾನ ಕೊಟ್ಟು ಕಳಿಸುತ್ತೇವೆ, ಆಧಾರ ಕೇಳುವುದಿಲ್ಲ. ಇಲ್ಲಿ ಕೇಳಲೇಬೇಕು. ಪ್ರತಿ ಮಾಹಿತಿಯ ಮೇಲೂ ಸಣ್ಣ ಅಂಕಿ, ಪುಟದ ಬುಡದಲ್ಲಿ ಅದರ ಮೂಲ. 'ಎಸ್6' ಎಂದರೆ ಜಿ.ಇ. ಕೊಕೇನ್ ಎಂಬಾತ ಆರಂಭಿಸಿದ ಕಂಪ್ಲೀಟ್ ಪೀರೇಜ್ ಎಂಬ ಗ್ರಂಥ, 'ಎಸ್37' ಎಂದರೆ ಬರ್ಕ್ಸ್ ಪೀರೇಜ್ ಗ್ರಂಥದ 2003ರ 107ನೇ ಆವೃತ್ತಿ. ಯಾರೋ ಕಳಿಸಿದ ಇಮೇಲ್ ಎಂದಿದ್ದರೆ ಅದು ಸುಳಿವು ಮಾತ್ರ. ಅಂಕಿಯೇ ಇಲ್ಲದಿದ್ದರೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಬರ್ಕ್ಸ್ ಎಂದಾಕ್ಷಣ ಕಣ್ಣುಮುಚ್ಚಿ ಒಪ್ಪುವುದೂ ಬೇಡ. 1826ರಲ್ಲಿ ಶುರುವಾದ ಈ ಗ್ರಂಥದ ಹಳೆಯ ಆವೃತ್ತಿಗಳು ಮನೆತನದವರೇ ಹೇಳಿದ ಕತೆಗಳನ್ನು ಧಾರಾಳವಾಗಿ ಅಚ್ಚು ಹಾಕಿದವು. ನಾರ್ಮನ್ ಕಾಲದ ಮೂಲಪುರುಷ ಕಾಣಿಸಿಕೊಂಡರೆ ಅನುಮಾನ ಇರಲಿ. ಕಂಪ್ಲೀಟ್ ಪೀರೇಜ್‌ನ ಎರಡನೆಯ ಆವೃತ್ತಿ (1910ರಿಂದ 1959) ಇದಕ್ಕಿಂತ ಎಷ್ಟೋ ಗಟ್ಟಿ, ಅಡಿಟಿಪ್ಪಣಿಗಳಂತೂ ರುಚಿಕಟ್ಟು. ಆದರೆ ಅದು ಬಿರುದು ಹೊತ್ತವರನ್ನಷ್ಟೇ ಹಿಡಿಯುತ್ತದೆ. ಕಿರಿಮಕ್ಕಳು ಬೇಕಿದ್ದರೆ ಬರ್ಕ್ಸೇ ಗತಿ.

ತಾಣದಲ್ಲಿ ಬಿರುದು ಒಮ್ಮೆಲೇ ಬೇರೆ ಕವಲಿಗೆ ಹಾರಿದರೆ ತಪ್ಪು ಎಂದುಕೊಳ್ಳುವ ಮೊದಲು ಸನ್ನದಿನ, ಅಂದರೆ ಬಿರುದು ಕೊಟ್ಟ ರಾಜಪತ್ರದ, ಷರತ್ತು ನೋಡಿ. 1792ರಲ್ಲಿ ಟಿಪ್ಪುವಿನ ಜೊತೆ ಒಪ್ಪಂದ ಮಾಡಿಕೊಂಡ ಕಾರ್ನ್‌ವಾಲಿಸ್‌ಗೆ ಅದೇ ವರ್ಷ ಮಾರ್ಕ್ವೆಸ್ ಪದವಿ ಬಂತು. ಅದು ಅವನ ಸ್ವಂತ ಗಂಡು ಸಂತತಿಗೆ ಮಾತ್ರ. ಅವನ ಒಬ್ಬನೇ ಮಗ ಐವರು ಹೆಣ್ಣುಮಕ್ಕಳನ್ನು ಬಿಟ್ಟು 1823ರಲ್ಲಿ ತೀರಿಕೊಂಡಾಗ ಆ ಪದವಿ ಅಳಿಯಿತು. ಅರ್ಲ್ ಪದವಿ ಮಾತ್ರ 1753ರಲ್ಲಿ ಕಾರ್ನ್‌ವಾಲಿಸ್‌ನ ಅಪ್ಪನಿಗೆ ಬಂದದ್ದು. ಹಾಗಾಗಿ ಅದು ಕಾರ್ನ್‌ವಾಲಿಸ್‌ನ ತಮ್ಮ, ಅಂದರೆ ಆ ಮಗನ ಚಿಕ್ಕಪ್ಪ, ಬಿಷಪ್ ಆಗಿದ್ದವನ ಪಾಲಾಯಿತು.

ತಾರೀಖಿನ ಗೋಜಲೂ ಇದೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ. ಹಳೆಯ ದಾಖಲೆಯ 1720ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721. ಸ್ಕಾಟ್ಲೆಂಡ್ 1600ರಲ್ಲೇ ಜನವರಿಗೆ ಬದಲಾಯಿಸಿತ್ತು. ಮದುವೆಗೆ ಮೊದಲೇ ಮಗು ಹುಟ್ಟಿದಂತೆ ಕಂಡರೆ ಮೊದಲು ಈ ಲೆಕ್ಕ ಸರಿಮಾಡಿ, ಆಮೇಲೆ ಹುಬ್ಬೇರಿಸಿ.

ಈಗಿನ ವಾರಸುದಾರ ಯಾರು ಎಂಬುದಕ್ಕೆ ಈ ತಾಣವನ್ನು ನೆಚ್ಚಬೇಡಿ. 2004ರ ರಾಜಾಜ್ಞೆಯಂತೆ ಇಡಲಾಗಿರುವ ಅಧಿಕೃತ ಪೀರೇಜ್ ಪಟ್ಟಿಯೇ ಅದಕ್ಕೆ ಕೊನೆಯ ಮಾತು. ಉಯಿಲು ಬೇಕಿದ್ದರೆ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಪ್ರಾಬ್ 11' ಸರಣಿ ನೋಡಿ, 1384ರಿಂದ 1858ರವರೆಗಿನವು ಅಲ್ಲಿವೆ. ತಾಣದಲ್ಲಿ 'ಭಾರತದಲ್ಲಿ ಸತ್ತ' ಎಂದಷ್ಟೇ ಇರುವ ಕಿರಿಮಗನನ್ನು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹುಡುಕಬೇಕು. ಚರ್ಚ್ ನೋಂದಣಿಗಳಲ್ಲಿ ಎನ್/1 ಬಂಗಾಳದ್ದು, ಎನ್/3 ಮುಂಬಯಿಯದು. ಬೆಂಗಳೂರು ದಂಡಿನಲ್ಲಿ ತೀರಿಕೊಂಡವನಾದರೆ ಮೊದಲು ಮದರಾಸಿನ ಎನ್/2 ತೆರೆಯಿರಿ.